ಅಮ್ಮನ ಹೆಸರು ಕೂಗಲಿ

ಅಕ್ಕಾ,

ಇಲ್ಲಿ ನೆಬ್ರಾಸ್ಕಾದಲ್ಲಿ ಪಂದ್ಯಕ್ಕೆ ಮೊದಲು ಊರವರೇ ಸಲಿಕೆ ಹಿಡಿದು ಮೈದಾನದ ಹಿಮ ಬಾಚುತ್ತಾರೆ. ಶನಿವಾರ ಕಾಲೇಜು ಫುಟ್‌ಬಾಲ್ ತಂಡದಲ್ಲಿ ನನ್ನ ಕೊನೆಯ ಆಟ. ಆ ದಿನ ಬಿಟ್ಟುಹೋಗುವ ಆಟಗಾರರು ತಾಯಿಯ ಕೈಹಿಡಿದು ಮೈದಾನಕ್ಕೆ ಬರುವುದು ವಾಡಿಕೆ. ಮೈಕಿನಲ್ಲಿ ಇಬ್ಬರ ಹೆಸರನ್ನೂ ಕೂಗುತ್ತಾರೆ. ನಾನು ಆಗಸ್ಟ್‌ನಲ್ಲೇ ಅಮ್ಮನ ಹೆಸರು ಬರೆದುಕೊಟ್ಟಿದ್ದೆ.

"ಅಮ್ಮ ತೀರಿಕೊಂಡ್ರಲ್ಲಪ್ಪಾ, ಹೆಸರು ಹೊಡೆದುಹಾಕ್ಲಾ?" ಎಂದು ಮೈಕಿನಲ್ಲಿ ಹೆಸರು ಓದುವ ಗಸ್ ಕೇಳಿದ.

"ಬೇಡ, ಓದು," ಎಂದೆ.

"ಕೋಣ ಕಣೋ ನೀನು! ಎದುರಾಳೀನೂ ಬಿಡಲ್ಲ, ಇದನ್ನೂ ಬಿಡಲ್ಲ."

ಮೊಣಕಾಲು ಊದಿದೆ, ಪಟ್ಟಿ ಬಿಗಿದು ಆಡುತ್ತೇನೆ. ನಾಲ್ಕು ವರ್ಷದಿಂದ ಎದುರಾಳಿಯನ್ನು ತಡೆಯುವ ಲೈನ್‌ಬ್ಯಾಕರ್ ನಾನು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗುವವನನ್ನು ಕೆಡವದೆ ಕೂರಲಾರೆ.

ಗುರುವಾರದ ಬಸ್ಸು ಹತ್ತಿ ಬಾ. ಹೆಸರು ಕೂಗಿದಾಗ ನೀನು ಪಕ್ಕದಲ್ಲಿರು. ಬರಲಾಗದಿದ್ದರೆ ಎಡಗೈ ಖಾಲಿ ಬಿಟ್ಟುಕೊಂಡೇ ನಡೆಯುತ್ತೇನೆ.

ನಿನ್ನ ತಮ್ಮ,
ಡೆಲ್ರಾಯ್