ಕಾಲಿಗೆ ಕಟ್ಟಿದ ಚಾದರದ ಪಟ್ಟಿ

ಸೊಲ್ಲಾಪುರ, ಶುಕ್ರವಾರ

ಪೂಜ್ಯ ದಿಗಂಬರ ಕಾಕಾ ಅವರಿಗೆ ಶ್ರೀಲೇಖಾಳ ನಮಸ್ಕಾರಗಳು.

ಮಳೆಗಾಲವಿಡೀ ಹಾಕಿಕೊಂಡು ನೋಡಿ, ನಮ್ಮ ಲ್ಯಾಬಿನ ಹುಡುಗ ನಿಖಿಲನ ಕೈಯಲ್ಲಿ ನೀವು ಕಳಿಸಿದ ನಮ್ಮ ಪ್ರಯೋಗದ ಕೃತಕ ಕಾಲು ಲ್ಯಾಬಿಗೆ ತಲುಪಿತು. ಪಾದದ ಮೇಲೆ ಚಾದರದ ಪಟ್ಟಿ ಬಿಗಿಯಾಗಿ ಸುತ್ತಿತ್ತು. ಬಿಚ್ಚಿದರೆ ಒಳಗೆ ಬಿರುಕು. ಅಕ್ಕಲಕೋಟದಲ್ಲಿ ಪಂಕ್ತಿಯ ಊಟಕ್ಕೆ ಎಲ್ಲರಂತೆ ಚಕ್ಕಳಮಕ್ಕಳ ಹಾಕಿ ಕೂತಾಗ ಬಿಟ್ಟಿತಂತೆ. ನಿಮ್ಮ ಮನೆಯಿಂದ ಕಾಕು ಫೋನಿನಲ್ಲಿ ಹೇಳಿದರು: "ಯಾರಿಗೂ ಹೇಳಬ್ಯಾಡ ಅಂದಾರವ್ವ. ಕಾಲು ಮುರದದ ಅಂತ ಗೊತ್ತಾದ್ರ ನಮ್ಮ ಹುಡುಗಿ ನಪಾಸ ಆಗ್ತಾಳ ಅಂತ ಅಂಜ್ಯಾರ."

ಕಾಕಾ, ನನಗೆ ಬೇಕಾಗಿದ್ದದ್ದೇ ಆ ಬಿರುಕು. ಗಟ್ಟಿಯಾಗಲೆಂದು ರಾಳದಲ್ಲಿ ನಾವು ಬೆರೆಸಿದ್ದ, ಕೂದಲಿಗಿಂತ ಸಾವಿರಾರು ಪಟ್ಟು ತೆಳ್ಳಗಿನ ಇಂಗಾಲದ ನಳಿಗೆಗಳು ಅಲ್ಲಿ ಝುಣಕಕ್ಕೆ ಕಲಸಿದ ಕಡಲೆ ಹಿಟ್ಟಿನಂತೆ ಗಂಟು ಕಟ್ಟಿದ್ದವು. ಈ ಸಲ ಅವನ್ನು ಮೊದಲು ಆಮ್ಲದಲ್ಲಿ ಹದ ಮಾಡಿದೆವು. ಈಗ ಬಿಡಿಬಿಡಿಯಾಗಿ ಹರಡಿ ರಾಳವನ್ನು ಕಚ್ಚಿ ಹಿಡಿದಿವೆ. ನಮ್ಮ ಯಂತ್ರ ಇಷ್ಟು ದಿನ ಕಾಲನ್ನು ನಡೆಸಿ ಮಾತ್ರ ನೋಡುತ್ತಿತ್ತು. ಈಗ ಮಡಚಿ ನೆಲದ ಮೇಲೆ ಕೂರಿಸಿಯೂ ನೋಡುತ್ತದೆ. ಲ್ಯಾಬಿನಲ್ಲಿ ಎಲ್ಲರೂ ಅದನ್ನು 'ಕಾಕಾ ಟೆಸ್ಟ್' ಅನ್ನುತ್ತಾರೆ. ನಿಮ್ಮ ಉಪಕಾರ ದೊಡ್ಡದು.

ಹೊಸ ಕಾಲಿನ ಅಳತೆ ನೋಡಲು ಸೋಮವಾರ ಕಾಕುವನ್ನೂ ಕರೆದುಕೊಂಡು ಬನ್ನಿ. ಪಂಕ್ತಿಯಲ್ಲಿ ಮೊದಲಿನಂತೆಯೇ ಕೂತುಕೊಳ್ಳಿ. ಆದರೆ ಬಿರುಕು ಕಂಡರೆ ಪಟ್ಟಿ ಕಟ್ಟಬೇಡಿ, ನನಗೆ ಹೇಳಿ. ಕಾಲು ಮುರಿದರೆ ನಾನು ನಪಾಸಾಗುವುದಿಲ್ಲ ಕಾಕಾ. ನೀವು ಬಿದ್ದರೆ ಆಗುತ್ತೇನೆ.

ನಿಮ್ಮ ಹುಡುಗಿ,
ಶ್ರೀಲೇಖಾ