ಹಿಂಡು ಎಂದರೆ ಹಕ್ಕಿಯಲ್ಲ

ಟೆಲಿವಿಷನ್ ಕೇಂದ್ರದ ಸಾಕ್ಷ್ಯಚಿತ್ರ ವಿಭಾಗದ ನಿರ್ದೇಶಕರೇ,

ನಮ್ಮತ್ತೆಯ ಹಾಡನ್ನು ಪೂರ್ತಿ ಕೇಳಿಸುತ್ತೇವೆ ಎಂದು ಮಾತು ಕೊಟ್ಟಿರಿ, ಹನ್ನೊಂದು ಸೆಕೆಂಡು ಕೇಳಿಸಿದಿರಿ. ಅದರ ಅರ್ಥವನ್ನು ಅವರ ಬಾಯಿಂದಲೇ ಹೇಳಿಸುತ್ತೇವೆ ಎಂದಿರಿ, ತಜ್ಞರ ಬಾಯಿಂದ ಹೇಳಿಸಿದಿರಿ. ತಪ್ಪಾದರೆ ತಿದ್ದುತ್ತೇವೆ ಎಂದಿರಿ. ಮೂರು ಪತ್ರ ಬರೆದ ಮೇಲೆ, ತಪ್ಪೇ ಆಗಿಲ್ಲ ಎನ್ನುತ್ತಿದ್ದೀರಿ.

ನಮ್ಮತ್ತೆ ಜನಪದ ಗಾಯಕಿ ಎಂಬುದು ನಿಮ್ಮ ಚಿತ್ರ ಬಂದ ಮೇಲೆ ನಮಗೆ ತಿಳಿದ ಸಂಗತಿ. ಅಲ್ಲಿಯವರೆಗೆ ಅವರು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಹಿರಿಯ ಕೆಲಸಗಾರ್ತಿ, ಅಷ್ಟೇ. ಹಿಂಡುವ ಯಂತ್ರ ಕೆಟ್ಟು ಕೂತಿದೆ. ಹಾಗಾಗಿ ಒದ್ದೆ ಹೊದಿಕೆಯ ಒಂದು ತುದಿ ಅವರು, ಇನ್ನೊಂದು ತುದಿ ನಾನು ಹಿಡಿದು ತಿರುಚುತ್ತೇವೆ. ಅವರು 'ಹಿಂಡು' ಎಂದಾಗ ಇಬ್ಬರೂ ಹಿಂಡಬೇಕು, 'ಬಿಡು' ಎಂದಾಗ ಇಬ್ಬರೂ ಸಡಿಲ ಬಿಡಬೇಕು. ಅವರಿಗೆ ಅವರತ್ತೆ ಕಲಿಸಿದ ಹಾಡು ಇದು. ನಡುವೆ ಮೇಲ್ವಿಚಾರಕರನ್ನು ಬೈಯುವ ಹದಿನಾಲ್ಕು ಸಾಲುಗಳಿವೆ. ಅವನ್ನು ನೀವು ಕತ್ತರಿಸಿದಿರಿ. ಉಳಿದದ್ದು 'ಹಿಂಡು... ಹಿಂಡು... ಬಿಡು.'

ಇಷ್ಟರ ಮೇಲೆ ನಿಮ್ಮ ತಜ್ಞರು ನಲವತ್ತು ನಿಮಿಷ ಮಾತಾಡಿದರು. ಹಿಂಡು ಎಂದರೆ ಆತ್ಮಗಳ ಹಿಂಡಂತೆ. ಬಿಡು ಎಂದರೆ ವೈರಾಗ್ಯವಂತೆ. ತೆರೆಯ ಮೇಲೆ ಹಕ್ಕಿಗಳು ಹಾರಿದ್ದೇ ಹಾರಿದ್ದು. ಅತ್ತೆ ಕುರ್ಚಿಯ ತುದಿಗೆ ಬಂದು, "ಏನೇ ಇದು! ನಾನು ಬಟ್ಟೆ ಹಿಂಡು ಅಂದ್ರೆ ಈವಯ್ಯ ಹಕ್ಕಿ ಹಾರಿಸ್ಕೊಂಡು ಕೂತಿದಾನಲ್ಲ! ಬಸ್ಸಲ್ಲಿ ದಾರಿ ಬಿಡಪ್ಪಾ ಅಂತೀನಲ್ಲ, ಅದೂ ವೈರಾಗ್ಯಾನೇನೇ?" ಎಂದರು.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿದವರು ಬಹಳ ಸಮಾಧಾನದಿಂದ, "ನೋಡಮ್ಮಾ, ದನಿ ನಿಮ್ಮತ್ತೇದು, ಅರ್ಥ ತಜ್ಞರದು. ಎರಡನ್ನೂ ಒಬ್ಬರಿಗೇ ಕೊಡಕ್ಕಾಗಲ್ಲ" ಎಂದರು.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಮ್ಮ ಮೇಲ್ವಿಚಾರಕರು ನಿಮ್ಮ ಚಿತ್ರ ನೋಡಿ ಭಕ್ತರಾಗಿಬಿಟ್ಟರು. ಮರುದಿನವೇ ಗೋಡೆಗೆ ಸೂಚನೆ ಬಿತ್ತು: 'ಸದರಿ ಪವಿತ್ರ ಗೀತೆಯನ್ನು ಕೆಲಸ ನಿಲ್ಲಿಸಿ, ನೆಟ್ಟಗೆ ನಿಂತು ಹಾಡತಕ್ಕದ್ದು. ಕೆಲಸದ ವೇಳೆಯಲ್ಲಿ ಕೆಲಸ ನಿಲ್ಲಿಸತಕ್ಕದ್ದಲ್ಲ.' ಈ ಎರಡು ವಾಕ್ಯಗಳ ನಡುವೆ ಸಿಕ್ಕಿ ಹಾಡಿನ ಉಸಿರು ಕಟ್ಟಿತು. ಮೂಕರಂತೆ ಹಿಂಡಿದೆವು. ನಾಲ್ಕನೇ ದಿನ ಅತ್ತೆ ಬಿಡುವ ಹೊತ್ತಿಗೆ ನಾನು ತಿರುಚಿದೆ. ಹೊದಿಕೆಯ ಜೊತೆ ಅವರ ಮಣಿಕಟ್ಟೂ ತಿರುಚಿಕೊಂಡಿತು. ತಿರುಚಿದ ಕೈ ನನ್ನದು. ತಿರುಚಿಸಿದವರು ನೀವು. ಪಟ್ಟಿ ಕಟ್ಟಿಸಿಕೊಂಡು ಬಂದವರನ್ನು ಮೇಲ್ವಿಚಾರಕರು, "ನೀವೀಗ ಪರಂಪರೆ ಅಮ್ಮಾ, ಹುಷಾರಾಗಿರಬಾರದಾ?" ಎಂದು ಗದರಿದರು.

ಸ್ವಾಮೀ, ಹಿಂಡುವವಳಿಗೆ ತಾನೇನು ಹಿಂಡುತ್ತಿದ್ದೇನೆ ಎಂದು ಗೊತ್ತಿರುವುದಿಲ್ಲವೇ? ದುಡಿಮೆಯ ಹಾಡಿನಿಂದ ದುಡಿಮೆಯನ್ನೇ ಹಿಂಡಿ ತೆಗೆದರೆ ಉಳಿಯುವುದೇನು? ಹಕ್ಕಿ!

ಹಾಡನ್ನು ಬೈಗುಳದ ಸಮೇತ ಪೂರ್ತಿ ಪ್ರಸಾರ ಮಾಡಿ. ಅರ್ಥವನ್ನು ಅತ್ತೆಯೇ ಹೇಳಲಿ. ಇದು ಕೆಲಸ ಮಾಡುತ್ತಲೇ ಹಾಡುವ ಹಾಡು ಎಂದು ಆಸ್ಪತ್ರೆಗೆ ಬರೆದುಕೊಡಿ. ನಿಮ್ಮ ಮೊಹರು ಕಾಣದೆ ನಮ್ಮ ಮೇಲ್ವಿಚಾರಕರು ಆ ಸೂಚನೆ ಕೀಳುವುದಿಲ್ಲ. ಹಾಡಿಲ್ಲದೆ ಇನ್ನೊಂದು ಹೊದಿಕೆಯನ್ನೂ ನಾವು ಮುಟ್ಟುವುದಿಲ್ಲ.

ಇಂತಿ,
ನಿಮ್ಮ ಚಿತ್ರದಲ್ಲಿ ಬರೀ ಎರಡು ಕೈಯಾಗಿ ಕಾಣಿಸಿಕೊಂಡ ಸೊಸೆ

ಇನ್ನು ಪತ್ರವಿಲ್ಲ, ಮುಂದಿನ ಮಾತು ನಿಮ್ಮ ಕೋಣೆಯಲ್ಲೇ. ಒದ್ದೆ ಹೊದಿಕೆ ನಾವು ತರುತ್ತೇವೆ, ಅತ್ತೆ ಹಾಡುತ್ತಾರೆ. ಒಂದು ತುದಿ ನಾನು ಹಿಡಿಯುತ್ತೇನೆ. ಅತ್ತೆಯ ಕೈಗೆ ಪಟ್ಟಿಯಿರುವುದರಿಂದ ಇನ್ನೊಂದು ತುದಿ ನಿಮ್ಮದು. ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ.