ನಾನು ಬೇರೆ ಹೆಂಗಸು

ಕಮಲಾಪುರ,
13 ಆಗಸ್ಟ್ 2007

ಸಾವಿತ್ರೀಬಾಯಿ ಅವರಿಗೆ ಜಯದೇವಿಯ ನಮಸ್ಕಾರ.

ಇಂಟರ್ನೆಟ್ಟಿನ ನಮ್ಮ ಅಡುಗೆ ಗುಂಪಿನಲ್ಲಿ ಎಲ್ಲರೂ ನಿಮ್ಮನ್ನೇ ಹೊಗಳುತ್ತಿದ್ದರು. ನಿಮ್ಮನ್ನು ಹೊಗಳುವ ಸೂಗಮ್ಮನೂ ನೀವೂ ಭಾನುವಾರ ಹನ್ನೊಂದಕ್ಕೇ ಬರೆಯುತ್ತೀರಿ, ಇಬ್ಬರೂ ಒಬ್ಬರೇ ಎಂದು ಮೊದಲು ಬರೆದವಳು ನಾನು. ಮರುದಿನ ನಲವತ್ತು ಜನ ಅದನ್ನೇ ಹೇಳಿ ಇಬ್ಬರನ್ನೂ ಹೊರಹಾಕಿದರು. ನೀವಿಬ್ಬರೂ ಕೂತು ಬರೆಯುವ ಸ್ಟೇಶನ್ ಬಜಾರದ ಸೈಬರ್ ಕೆಫೆಯಲ್ಲಿ ಭಾನುವಾರದ ಆ ಒಂದು ತಾಸು ಹೆಂಗಸರಿಗೆ ಮೀಸಲೆಂದು ನನಗೆ ಆಗಲೇ ಗೊತ್ತಿತ್ತು. ನಾನೂ ಅಲ್ಲೇ ಕೂಡುತ್ತೇನೆ.

ಈಗ, "ಜಯದೇವಿನೂ ಆಕೀನೇ ಅದಾಳ, ಅದೇ ಟೈಮಿಗೆ ಬರ್ತಾಳ" ಎಂದು ನನ್ನ ಮೇಲೆ ಬಿದ್ದಿದ್ದಾರೆ. ನಾನು ಬೇರೆ ಹೆಂಗಸೆಂದು ಗುಂಪು ನಡೆಸುವವರಿಗೆ ದಯವಿಟ್ಟು ಒಂದು ಸಾಲು ಬರೆಯಿರಿ.

ಅವಸರವೇನಿಲ್ಲ. ನಾನು ಗುಂಪಿನಲ್ಲಿ ಬರೆದ ಎಣ್ಣೆಗಾಯಿ ಮಾಡಿ ನೋಡಿದವರು, "ಇಷ್ಟು ಛಲೋ ಸಾವಿತ್ರೀಬಾಯಿಗಷ್ಟೇ ಬರ್ತದ" ಎಂದಿದ್ದಾರೆ. ಒಂದು ವಾರ ಬಿಟ್ಟು ಬರೆದರೂ ನಡೆದೀತು.

ಇಂತಿ,
ಜಯದೇವಿ